ಹನ್ನೊಂದಕ್ಕೂ ಹಿಂದಿನ ಸಂಚಿಕೆ

ಚೌಕಟ್ಟಿನೊಳಗಿನ ಚಿತ್ರಗಳೂ ಪಾತ್ರಗಳ ಬಾಯಿಂದ ಹೊರಟು ತಲೆಯ ಮೇಲೆ ತೇಲುವ ಮಾತಿನ ಗುಳ್ಳೆಗಳೂ ಕೂಡಿ ಕಥೆ ಹೇಳುವ ಪುಸ್ತಕಕ್ಕೆ ಕನ್ನಡದಲ್ಲಿ ಚಿತ್ರಕಥೆ ಎಂಬ ಹೆಸರಿದ್ದು, ಈ ಪ್ರಕಾರವು ವಿದ್ವಾಂಸರ ಮೇಜಿನ ಮೇಲೆ ಕಳೆದ ಕಾಲಕ್ಕಿಂತ ಗುಜರಿ ಅಂಗಡಿಯ ತಕ್ಕಡಿಯ ಮೇಲೆ ಕಳೆದ ಕಾಲವೇ ಹೆಚ್ಚು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ, ಹಳೆಯ ದಿನಪತ್ರಿಕೆಗಳ ಕಟ್ಟಿಗೂ ಒಡೆದ ಪ್ಲಾಸ್ಟಿಕ್ ಕೊಡಕ್ಕೂ ನಡುವೆ, ಮುಖಪುಟ ಕಳೆದುಕೊಂಡ ಒಂದು ಸಂಚಿಕೆ ಅಂಥ ತಕ್ಕಡಿಯನ್ನು ಏರಿತೆಂದೂ, ಅದನ್ನು ಕಂಡ ಅಭಿಮಾನಿಗಳು ಪಕ್ಕದ ಟೀ ಅಂಗಡಿಯಲ್ಲಿ ಮೂರು ಪಂಗಡವಾಗಿ ವಾದಿಸಿದರೇ ಹೊರತು ಪುಸ್ತಕವನ್ನು ಮಾತನಾಡಿಸಲಿಲ್ಲವೆಂದೂ, ಆ ಕೊರತೆ ತುಂಬಲೆಂದೇ ಈ ಸಂದರ್ಶನ ನಡೆಯಿತೆಂದೂ ಓದುಗರು ಕಲ್ಪಿಸಿಕೊಳ್ಳತಕ್ಕದ್ದು.

ಸಂಚಿಕೆಯ ವಂಶವನ್ನು ಮೊದಲೇ ಹೇಳಿಬಿಡುವುದು ಒಳಿತು. 1965ರಲ್ಲಿ, ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಪುಸ್ತಕಗಳನ್ನು ಬೆಂಗಳೂರಿನಲ್ಲಿ ಮಾರುತ್ತಿದ್ದ ಜಿ. ಕೆ. ಅನಂತರಾಮ್ ಅವರ ಸಲಹೆಯಂತೆ, ಅಮರ ಚಿತ್ರ ಕಥೆ ಎಂಬ ಹೆಸರಿನಲ್ಲಿ 10 ಚಿತ್ರಕಥೆಗಳು ಕನ್ನಡದಲ್ಲಿ ಹೊರಬಂದವು; ಸಿಂಡರೆಲ್ಲಾ, ಪಿನೋಕಿಯೊ, ಅಲ್ಲಾದೀನ್ ಮೊದಲಾದ ಪರದೇಶದ ಮಕ್ಕಳ ಕಥೆಗಳೇ ಆ ಹತ್ತರಲ್ಲಿದ್ದು, ಎಲ್. ಫ್ರಾಂಕ್ ಬಾಮ್ 1900ರಲ್ಲಿ ಪ್ರಕಟಿಸಿದ ಓಜ್ ಮಾಂತ್ರಿಕನ ಕಥೆಯೂ ಅವುಗಳಲ್ಲಿ ಒಂದಾಗಿತ್ತು. ತಕ್ಕಡಿಯ ಮೇಲಿದ್ದದ್ದು ಈ ಕೊನೆಯದು.

ಪ್ರಶ್ನೆ: ತಾವು ತಮ್ಮನ್ನು ‘ಈ ಸಂಚಿಕೆ’ ಎಂದೇ ಕರೆದುಕೊಳ್ಳುವುದೇಕೆ?

ಸಂಚಿಕೆ: ‘ನಾನು’ ಎಂಬುದಕ್ಕೆ ಕನ್ನಡ ವ್ಯಾಕರಣದಲ್ಲಿ ಉತ್ತಮ ಪುರುಷವೆಂದು ಹೆಸರು. ಬೆನ್ನಿನ ಪಿನ್ನು ತುಕ್ಕು ಹಿಡಿದು, ಮೂಲೆ ಮೂಲೆಗೆ ಹುಳು ಹೊಕ್ಕ ಕಾಗದ ತನ್ನನ್ನು ಉತ್ತಮವೆಂದು ಹೇಳಿಕೊಳ್ಳುವುದು ಸರಿಯಲ್ಲ. ಹಾಗೆಯೇ ‘ಅವನು, ಅದು’ ಎನ್ನುವ ಹೊರಗಿನವನಿಗೆ ಅದೇ ವ್ಯಾಕರಣ ಪ್ರಥಮ ಪುರುಷವೆಂದು ಹೆಸರಿಟ್ಟಿದೆ. ಹೆಸರಿನಲ್ಲಿ ಮೊದಲನೆಯವನಾಗಿದ್ದೂ ಲೆಕ್ಕದಲ್ಲಿ ಮೂರನೆಯವನಾಗಿ ದೂರ ನಿಲ್ಲುವುದು ಈ ಸಂಚಿಕೆಗೆ ಹುಟ್ಟಿನಿಂದ ಅಭ್ಯಾಸವಾಗಿದೆ.

ಪ್ರಶ್ನೆ: ಇದು ದೂರೋ?

ಸಂಚಿಕೆ: ಲೆಕ್ಕವಷ್ಟೆ. ಮಾಲೆಯ ಸ್ಥಾಪನೆಯ ವರ್ಷ ಯಾವುದೆಂದು ಕೇಳಿದರೆ ಎಲ್ಲರೂ 1967 ಎನ್ನುತ್ತಾರೆ. ಅದಕ್ಕೂ ಮೊದಲೇ ಕನ್ನಡದ ಮಕ್ಕಳ ಕೈ ಸೇರಿದ್ದ ಹತ್ತು ಸಂಚಿಕೆಗಳು ಹುಟ್ಟುವ ಮುನ್ನವೇ ಓದಿಸಿಕೊಂಡಂತಾಯಿತು. ಇಂಗ್ಲಿಷ್ ಮಾಲೆ ‘ಕೃಷ್ಣ’ನಿಂದ ಆರಂಭವಾದಾಗ ಅದರ ಮೇಲೆ 11 ಎಂಬ ಸಂಖ್ಯೆ ಬಿದ್ದಿತು, ಇಂಗ್ಲಿಷಿನಲ್ಲಿ 1ರಿಂದ 10ರವರೆಗಿನ ಸಂಚಿಕೆಗಳನ್ನು ಹುಡುಕಿ ಹೊರಟ ಸಂಗ್ರಾಹಕರು, ಅಂದರೆ ಓದುವುದಕ್ಕಿಂತ ಪೂರ್ತಿಗೊಳಿಸುವುದರಲ್ಲಿ ಸುಖ ಕಾಣುವ ಜನ, ಬರಿಗೈಯಲ್ಲಿ ಮರಳಿದರು. ಮುಂದೆ ಮರುಮುದ್ರಣದಲ್ಲಿ ‘ಕೃಷ್ಣ’ನಿಗೆ 501 ಎಂಬ ಹೊಸ ಸಂಖ್ಯೆ ಬಂದದ್ದರಿಂದ ಆ 11ರ ಕುರುಹೂ ಅಳಿಯಿತು. ಇನ್ನೊಂದು ಚೋದ್ಯವೆಂದರೆ, ಈ ಹತ್ತೂ ಕಥೆಗಳನ್ನು ಮೊದಲೇ ಚಿತ್ರಕಥೆಯಾಗಿಸಿದ್ದ ಅಮೆರಿಕದ ಗಿಲ್ಬರ್ಟನ್ ಕಂಪನಿಯ ಕಿರಿಯರ ಮಾಲೆಯೂ 1953ರಲ್ಲಿ 501ರಿಂದಲೇ ಎಣಿಕೆ ಆರಂಭಿಸಿತ್ತು. ಒಂದರಿಂದ ಎಣಿಸುವುದು ಬಡವರ ಮನೆಯ ಪದ್ಧತಿ ಇರಬೇಕು.

ಪ್ರಶ್ನೆ: ಭಾರತದ ಮಕ್ಕಳಿಗೆ ಭಾರತದ ಕಥೆ ತಿಳಿಸಲೆಂದು ಮಾಲೆ ಹುಟ್ಟಿತೆಂಬ ಮಾತಿದೆಯಲ್ಲ?

ಸಂಚಿಕೆ: ಇದೆ. ದೆಹಲಿಯ ದೂರದರ್ಶನದ ರಸಪ್ರಶ್ನೆಯಲ್ಲಿ ಮಕ್ಕಳು ಗ್ರೀಕ್ ಪುರಾಣಕ್ಕೆ ಉತ್ತರ ಹೇಳಿ, ರಾಮನ ತಾಯಿಯ ಹೆಸರು ಕೇಳಿದಾಗ ಮೌನವಾದರೆಂಬುದನ್ನು ಕಂಡು ಮಾಲೆಯ ಸ್ಥಾಪಕ ಅನಂತ ಪೈ ಅವರು ಸಂಕಲ್ಪ ಮಾಡಿದರೆಂಬ ಪ್ರಸಂಗವನ್ನು ಅಭಿಮಾನಿಗಳು ಸ್ಥಳಪುರಾಣದಂತೆ ಪಾರಾಯಣ ಮಾಡುತ್ತಾರೆ. ಪರದೇಶದ ಕಥೆ ಎಂಬ ರೋಗಕ್ಕೆ ಮದ್ದಾಗಿ ಬಂದ ಮಾಲೆಯ ಮೊದಲ ಹತ್ತು ಗುಳಿಗೆಗಳು ಅದೇ ರೋಗದಿಂದ ತಯಾರಾಗಿದ್ದವು ಎಂಬ ಭಾಗ ಪಾರಾಯಣದಲ್ಲಿ ಬರುವುದಿಲ್ಲ, ಬಂದರೆ ಶ್ರೋತೃಗಳು ನಗುತ್ತಾರೆ. ಪೈ ಅವರ ಮೇಲೆ ಈ ಸಂಚಿಕೆಗೆ ಸಿಟ್ಟಿಲ್ಲ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅವರೂ ಮುಂಬಯಿಗೆ ಹೋದ ಮೇಲೆಯೇ ದೇಶಕ್ಕೆಲ್ಲ ‘ಅಂಕಲ್’ ಆದದ್ದು.

ಪ್ರಶ್ನೆ: ಟೀ ಅಂಗಡಿಯ ಮೂರು ಪಂಗಡಗಳ ವಾದವೇನು?

ಸಂಚಿಕೆ: ಮೊದಲ ಪಂಗಡಕ್ಕೆ ಸಂಖ್ಯೆ ಬೇಕು, ಮುಖಪುಟವಿಲ್ಲದ್ದರಿಂದ ಅದು ಅಳುಮುಖ ಹಾಕಿ ಬನ್ನು ತಿನ್ನುತ್ತಿದೆ. ಎರಡನೆಯದಕ್ಕೆ ಓಜ್ ಕಥೆಯ ಹುಡುಗಿ ಡೊರೋಥಿಯ ಪಾದರಕ್ಷೆಯ ಬಣ್ಣ ಬೇಕು: ಬಾಮ್‌ನ ಪುಸ್ತಕದಲ್ಲಿ ಬೆಳ್ಳಿಯದಾಗಿದ್ದು 1939ರ ಚಲನಚಿತ್ರದಲ್ಲಿ ಮಾಣಿಕ್ಯದ ಕೆಂಪಾದ ಆ ಜೋಡು ‘ಮೂಲ’ದಲ್ಲಿ ಯಾವ ಬಣ್ಣದ್ದೆಂದು ಕೇಳಿದರೆ, ಪುಸ್ತಕ ಓದದೆ ಸಿನಿಮಾ ನೋಡಿದವರೇ ಗಟ್ಟಿಯಾಗಿ ಉತ್ತರಿಸುತ್ತಾರೆ. ಮೂರನೆಯ ಪಂಗಡದ ಜಗಳ ಮಾತ್ರ ನಿಜವಾದ ಜಗಳ. ಡೊರೋಥಿಯನ್ನು ಸಾಕಿದ ಎಮ್ ಎಂಬಾಕೆ ಅವಳಿಗೆ ಏನಾಗಬೇಕು?

ಪ್ರಶ್ನೆ: ಇಂಗ್ಲಿಷಿನಲ್ಲಿ ‘ಆಂಟ್’ ಎಂದಿದೆ.

ಸಂಚಿಕೆ: ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದ ಮನೆಗೆ ಕಾಲಿಟ್ಟ ಕ್ಷಣ ಆಕೆ ಚಿಕ್ಕಮ್ಮನೋ, ದೊಡ್ಡಮ್ಮನೋ, ಸೋದರತ್ತೆಯೋ ಎಂದು ಹೊಸ್ತಿಲಲ್ಲೇ ತೀರ್ಮಾನವಾಗಬೇಕು. ಚಿಕ್ಕಮ್ಮ ಎಂದರೆ ಅಡುಗೆಮನೆಯಿಂದ ‘ಓ, ಮಲತಾಯಿಯ ಹಾಗೆಯೇ’ ಎಂಬ ಅನುಮಾನ ಏಳುತ್ತದೆ. ಅತ್ತೆ ಎಂದರೆ ಆಕೆಯ ಗಂಡ ಹೆನ್ರಿ ಸೋದರಮಾವನಾಗಬಹುದು, ಸೋದರಮಾವ ಎಂದೊಡನೆ ಈ ಸೀಮೆಯಲ್ಲಿ ಮದುವೆಯ ಮಾತೂ ಹಿಂದೆಯೇ ಬರುವುದರಿಂದ, ಕ್ಯಾನ್ಸಸ್ಸಿನ ಆ ಬಡ ರೈತನನ್ನು ಮುಜುಗರದಿಂದ ಪಾರು ಮಾಡುವುದು ಯಾವ ಅನುವಾದಕನಿಗೂ ಕಷ್ಟ. ಸಾಲದ್ದಕ್ಕೆ, ಈ ಸಂಚಿಕೆಯನ್ನು ಕೊಂಡುತಂದ ಹುಡುಗ ಶಾಲೆಯಲ್ಲಿ ಕನ್ನಡ ಓದಿ, ಮನೆಯಲ್ಲಿ ತೆಲುಗು ಆಡಿ, ಕೆಜಿಎಫ್‌ಗೆ ಹೋದರೆ ತಮಿಳಿನಲ್ಲಿ ಚೌಕಾಸಿ ಮಾಡುವವನು. ಅವನು ಕಥೆಯನ್ನು ಓದಿ ಹೇಳುವಾಗ ಎಮ್‌ಳನ್ನು ‘ಅವ್ವ’ ಎಂದ. ಕನ್ನಡದಲ್ಲಿ ಅವ್ವ ಎಂದರೆ ತಾಯಿ, ಅವನ ಮನೆಯ ತೆಲುಗಿನಲ್ಲಿ ಅಜ್ಜಿ. ಹೀಗೆ ಒಂದೇ ಮಧ್ಯಾಹ್ನ ಎಮ್‌ಗೆ ಮೂರು ನಂಟಸ್ತಿಕೆ ಬಂದು ಹೋದವು. ಬಾಮ್ ಬಿಟ್ಟಿದ್ದ ಜಾಗವನ್ನು ಬೂದಿಕೋಟೆ ತುಂಬಿತು.

ಪ್ರಶ್ನೆ: ಈ ಸಂಚಿಕೆಯಲ್ಲಿ ಯಾವ ಪದ ಅಚ್ಚಾಗಿದೆ?

ಸಂಚಿಕೆ: ಆ ಗುಳ್ಳೆಯನ್ನು ಹುಳು ತಿಂದಿದೆ. ಹುಳುವಿಗೂ ಜಗಳ ಬೇಡವೆನ್ನಿಸಿರಬೇಕು.

ಪ್ರಶ್ನೆ: ಓಜ್‌ಗೆ ಹೋಗುವ ಹಳದಿ ಇಟ್ಟಿಗೆಯ ದಾರಿ ಚಿನ್ನದ ಸಂಕೇತವೆಂಬ ವ್ಯಾಖ್ಯಾನವನ್ನು ಇಲ್ಲಿನವರು ಬಲ್ಲರೇ?

ಸಂಚಿಕೆ: 1964ರಲ್ಲಿ ಹೆನ್ರಿ ಲಿಟ್ಲ್‌ಫೀಲ್ಡ್ ಎಂಬ ಅಮೆರಿಕದ ಅಧ್ಯಾಪಕ ಮಂಡಿಸಿದ ವಾದವದು: ಹಳದಿ ದಾರಿಯೆಂದರೆ ಚಿನ್ನವನ್ನೇ ನಾಣ್ಯದ ಆಧಾರವಾಗಿ ಇಟ್ಟುಕೊಂಡ ಹಣಕಾಸು ಪದ್ಧತಿ, ಬೆಳ್ಳಿಯ ಜೋಡೆಂದರೆ ಅದಕ್ಕೆ ಎದುರು ನಿಂತ ರೈತರ ಬೆಳ್ಳಿ ನಾಣ್ಯದ ಬೇಡಿಕೆ. ಬಾಮ್ ಹಾಗೆ ಎಣಿಸಿದ್ದನೋ ಇಲ್ಲವೋ ಎಂಬುದು ವಿದ್ವಾಂಸರ ಪಾಲಿಗೆ ಇರಲಿ. ಚಿನ್ನದ ದಾರಿಯ ತುದಿಯಲ್ಲಿ ಏನಿರುತ್ತದೆಂದು ಈ ಸೀಮೆಯವರಿಗೆ ವ್ಯಾಖ್ಯಾನವಿಲ್ಲದೆ ಗೊತ್ತು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಕೆಜಿಎಫ್‌ನ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು; ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ, ಜನ ಸೈನೈಡ್ ದಿಬ್ಬ ಎನ್ನುವುದು, ಗಾಳಿ ಎದ್ದಾಗ ಮನೆಗಳ ಒಳಗೂ ಬರುತ್ತದೆ. ಕಥೆಯಲ್ಲಿ ಪಚ್ಚೆಯ ನಗರ ಹಸಿರಾಗಿ ಕಾಣುವುದು, ಅಲ್ಲಿಗೆ ಬಂದವರ ಕಣ್ಣಿಗೆ ಹಸಿರು ಕನ್ನಡಕ ಹಾಕಿ ಬೀಗ ಜಡಿಯುವುದರಿಂದ. ಇಲ್ಲಿ ಚುನಾವಣೆ ಬಂದಾಗಲೆಲ್ಲ ಗಣಿ ಮತ್ತೆ ತೆರೆಯುವ ಕನ್ನಡಕ ಬರುತ್ತದೆ, ಬೀಗ ಹಾಕುವ ಅಗತ್ಯವೂ ಇಲ್ಲ, ಜನರೇ ಹಿಡಿದುಕೊಂಡು ನಿಲ್ಲುತ್ತಾರೆ.

ಪ್ರಶ್ನೆ: ಬೂದಿಕೋಟೆಯ ವಾಸ ಹಿಡಿಸಿತೇ?

ಸಂಚಿಕೆ: ಊರಿಗೂ ಈ ಸಂಚಿಕೆಗೂ ಒಂದೇ ಜಾತಕ. ಹೈದರಾಲಿ ಹುಟ್ಟಿದ್ದು ಇಲ್ಲಿ ಎನ್ನುತ್ತಾರೆ, ಪ್ರವಾಸಿಗಳು ಮಾತ್ರ ಶ್ರೀರಂಗಪಟ್ಟಣಕ್ಕೆ ಹೋಗುತ್ತಾರೆ. ಸಮುದಾಯಗಳು ಬಾನುಲಿ ಕೇಂದ್ರ ನಡೆಸಬಹುದೆಂದು ಸರ್ಕಾರ 2006ರಲ್ಲಿ ಒಪ್ಪುವ ಎಷ್ಟೋ ಮೊದಲೇ, ಇಲ್ಲಿನ ‘ನಮ್ಮ ಧ್ವನಿ’ ಕೇಂದ್ರದವರು ಪರವಾನಗಿ ಬೇಕಾದ ಗಾಳಿಯನ್ನು ಬಿಟ್ಟು ಕೇಬಲ್ ತಂತಿಯ ಮೂಲಕ ಊರಿನ ದನಿಯನ್ನು ಮನೆಮನೆಗೆ ಕಳುಹಿಸಿದ್ದರು. ಎಣಿಕೆ ಆರಂಭವಾಗುವ ಮೊದಲೇ ಹುಟ್ಟಿಬಿಡುವುದು ಇಲ್ಲಿನ ಮಣ್ಣಿನ ಗುಣ.

ಪ್ರಶ್ನೆ: ಸಂಗ್ರಾಹಕರೊಬ್ಬರು ಒಳ್ಳೆಯ ಬೆಲೆ ಕೊಟ್ಟು, ಪಾರದರ್ಶಕ ಹಾಳೆಯಲ್ಲಿ ಸುತ್ತಿ ಇಡುತ್ತೇವೆ ಎಂದಿದ್ದಾರೆ. ಒಪ್ಪಿಗೆಯೇ?

ಸಂಚಿಕೆ: ಮಾಲೆಯ ಹೆಸರಿನಲ್ಲಿ ‘ಅಮರ’ ಇದೆ ಎಂದು ಉಸಿರುಗಟ್ಟಿಸಿ ಬದುಕಿಸಬೇಕಾಗಿಲ್ಲ. ಗುಜರಿ ಅಂಗಡಿಯವನ ಮಗಳು ಬೆಳಗಿನಿಂದ ಎರಡು ಸಲ ಬಂದು, ಕಥೆಯ ಬೆದರುಬೊಂಬೆಗೆ ಮಿದುಳು ಸಿಕ್ಕಿತೋ ಇಲ್ಲವೋ ಎಂದು ನೋಡಲು ಕೊನೆಯ ಪುಟ ಹುಡುಕಿದ್ದಾಳೆ. ಆ ಪುಟವೂ ಇಲ್ಲ. ಕನ್ನಡ ಓದುಗರಲ್ಲಿ ಒಂದು ಬೇಡಿಕೆ: ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ 1965ರ ಈ ಹತ್ತರಲ್ಲಿ ಯಾವುದಾದರೂ ಉಳಿದಿದ್ದರೆ ತೂಕಕ್ಕೆ ಹಾಕುವ ಮುನ್ನ ಮನೆಯ ಮಕ್ಕಳ ಕೈಗೊಮ್ಮೆ ಕೊಡಿ, ಆಮೇಲೆ ಬೇಕಾದರೆ ಸಂಗ್ರಾಹಕರಿಗೆ; ಓಜ್ ಕಥೆಯೇ ಸಿಕ್ಕಿದರೆ ಎಮ್ ಚಿಕ್ಕಮ್ಮನೋ ಅತ್ತೆಯೋ ಎಂಬುದನ್ನು ಬೂದಿಕೋಟೆಯ ಟೀ ಅಂಗಡಿಗೆ ತಿಳಿಸಿ.