ಎಂಬಿಪಿಎಸ್ ಮೀಮಾಂಸೆ

ಮನೆಗೆ ಇಂಟರ್ನೆಟ್ ಹಾಕಿಸಬೇಕು, ಯಾವುದು ಒಳ್ಳೆಯದು ಎಂದು ಮಾವಂದಿರು ಅಳಿಯಂದಿರನ್ನೂ, ಹೊಸ ಬಾಡಿಗೆದಾರರು ಹಳೆ ಬಾಡಿಗೆದಾರರನ್ನೂ, ಇಡೀ ವಠಾರ ಮೂರನೇ ಮಹಡಿಯ ಸಾಫ್ಟ್‌ವೇರ್ ಹುಡುಗನನ್ನೂ ಕೇಳುತ್ತ ಬಂದು ಎಷ್ಟೋ ವರ್ಷಗಳಾದವು. ಆದರೂ ಈ ವಿಷಯಕ್ಕೊಂದು ಶಾಸ್ತ್ರಗ್ರಂಥವಿಲ್ಲದಿರುವುದು ವಿದ್ವಲ್ಲೋಕಕ್ಕೆ ಶೋಭೆಯಲ್ಲ. ಆ ಕೊರತೆ ನೀಗಲು ಹೊರಟಿರುವ ಪ್ರಸ್ತುತ ಪ್ರಬಂಧ ಮೊದಲಿಗೇ ಹೇಳಬೇಕಾದದ್ದೇನೆಂದರೆ, ಲೋಕದವರು ಪ್ರಶ್ನೆಯನ್ನೇ ತಲೆಕೆಳಗಾಗಿ ಹಿಡಿದಿದ್ದಾರೆ. ವೇಗ ಎಷ್ಟು ಎಂದು ಕೇಳುತ್ತಾರೆ. ವೇಗ ಎಲ್ಲಿದೆ ಎಂದು ಕೇಳುವವರಿಲ್ಲ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಮೊದಲ ಪಾಠದಷ್ಟು ಓದಿದ ವಟುವೂ ಬಲ್ಲ, ಗುಣ ನಿರಾಧಾರವಾಗಿ ಇರಲಾರದು, ಅದಕ್ಕೊಂದು ದ್ರವ್ಯದ ಆಶ್ರಯ ಬೇಕು. 24 ಗುಣಗಳಲ್ಲಿ ಕೊನೆಯದಾದ ಸಂಸ್ಕಾರಕ್ಕೆ ಮೂರು ಬಗೆ. ಅವುಗಳಲ್ಲಿ ವೇಗವೂ ಒಂದು. ಅದು ಪೃಥ್ವಿ, ಅಪ್ಪು, ತೇಜಸ್ಸು, ವಾಯು, ಮನಸ್ಸು ಎಂಬ ಐದರಲ್ಲಿ ಮಾತ್ರ ನೆಲೆಸುತ್ತದೆ. ಹಾಗಾದರೆ ಫಲಕದ ಮೇಲೆ ತಿಂಗಳಿಗೆ 499 ರೂಪಾಯಿ ಎಂದು ಬರೆದು, ಶೇ 18ರ ಜಿಎಸ್‌ಟಿ ಸೇರಿಸಿ 588 ರೂಪಾಯಿ 82 ಪೈಸೆ ವಸೂಲು ಮಾಡುವ ಈ ವೇಗಕ್ಕೆ ಐದರಲ್ಲಿ ಯಾವುದು ಆಶ್ರಯ? ಅಪ್ಪನ್ನು ಇಲ್ಲೇ ಕೈಬಿಡಬಹುದು. ಮಳೆ ಬಂದಾಗ ಇಂಟರ್ನೆಟ್ಟಿನ ಗತಿ ಏನಾಗುತ್ತದೆಂದು ಬಲ್ಲವರಿಗೆ ಆ ಕುರಿತು ವಾದ ಬೇಕಿಲ್ಲ. ಉಳಿದ ನಾಲ್ಕರಲ್ಲಿ ಅದು ಮನಸ್ಸನ್ನು, ಅದರಲ್ಲೂ ಆಯಾ ಬೀದಿಯ ಲೈನ್‌ಮನ್‌ನ ಮನಸ್ಸನ್ನು ಆಶ್ರಯಿಸಿದೆ ಎಂಬುದು ನಮ್ಮ ಸಿದ್ಧಾಂತ.

ವೇಗ ತಂತಿಯಲ್ಲಿದೆ ಎಂಬುದು ಪಾಮರರ ಮತ. ಇದನ್ನು ಖಂಡಿಸುವುದು ಸುಲಭ. ಫೈಬರ್ ಎಂದರೆ ಕೂದಲೆಳೆಯಂಥ ಗಾಜು, ಅದು ಪೃಥ್ವಿ. ಅದರೊಳಗೆ ಓಡುವ ಬೆಳಕು ತೇಜಸ್ಸು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮುಂಬೈಗೆ ಸಾವಿರ ಕಿಲೋಮೀಟರ್ ತಂತಿ ಎಂದಿಟ್ಟುಕೊಂಡರೂ ಸೆಕೆಂಡಿನ ಇನ್ನೂರನೇ ಒಂದು ಭಾಗದಲ್ಲಿ ತಲುಪಿಬಿಡುತ್ತದೆ. 40 ಎಂಬಿಪಿಎಸ್ ಪ್ಲಾನಿನವನ ಬೆಳಕು ನಡೆದುಕೊಂಡು ಹೋಗುತ್ತದೆ, 1 ಜಿಬಿಪಿಎಸ್‌ನವನ ಬೆಳಕು ಓಡುತ್ತದೆ ಎಂಬ ಭೇದ ಪ್ರಕೃತಿಯಲ್ಲಿಲ್ಲ. ಪ್ಲಾನ್ ಏರಿಸಿದಾಗ ಕಂಬ ಹತ್ತುವವರಿಲ್ಲ, ತಂತಿ ಬದಲಿಸುವವರಿಲ್ಲ. ಎಲ್ಲೋ ಒಂದು ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಅಂಕಿ ಬದಲಾಗುತ್ತದೆ, ಅಷ್ಟೇ. ಆಶ್ರಯ ಕಿಂಚಿತ್ತೂ ಬದಲಾಗದೆ ಗುಣ ಮಾತ್ರ ಬದಲಾಗುವುದಾದರೆ ಆ ಗುಣ ಆ ಆಶ್ರಯದ್ದಲ್ಲ ಎಂಬುದು ತರ್ಕದ ಹಾದಿ. ಮೇಲಾಗಿ ಬೀದಿಯ ತಂತಿ ಯಾರೊಬ್ಬರ ಸ್ವತ್ತೂ ಅಲ್ಲ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಒಂದು ಎಳೆಯ ಮೇಲೆ ಇಳಿಯುವುದು ಒಟ್ಟು 2.488 ಜಿಬಿಪಿಎಸ್; ಅದನ್ನು ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿಯಲ್ಲಿ 32 ಅಥವಾ 64 ಮನೆಗಳಿಗೆ ಒಡೆಯುತ್ತಾರೆ. 64 ಮನೆಯವರಿಗೂ ನೂರು ನೂರು ಮಾರಿದ್ದರೆ ಮಾರಿದ್ದು 6,400, ಇರುವುದು 2,488, ಎಲ್ಲರೂ ಒಮ್ಮೆಗೇ ಕೇಳಿದರೆ ಪಾಲಿಗೆ ಬರುವುದು 39ಕ್ಕೂ ಒಂದೆಳೆ ಕಡಿಮೆ. ಐನೂರು ಲಗ್ನಪತ್ರಿಕೆ ಹಂಚಿ ಇನ್ನೂರು ಎಲೆಗೆ ಅಡುಗೆ ಮಾಡಿಸಿದ ಯಜಮಾನನ ಧೈರ್ಯ ಇದರ ಹಿಂದಿದೆ. ಆ ಧೈರ್ಯ ಬಹುತೇಕ ಫಲಿಸುತ್ತದೆ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಐಪಿಎಲ್ ಪಂದ್ಯದ ಕೊನೆಯ ಓವರಿನಲ್ಲಿ ಫಲಿಸದಿದ್ದರೆ ಅದು ವಿಧಿ.

ತಂತಿಯಲ್ಲಿಲ್ಲದಿದ್ದರೆ ಪ್ಲಾನಿನಲ್ಲಿದೆ ಎನ್ನುವವರು ಎರಡನೆಯ ಪಕ್ಷದವರು. ಇವರು ಜಾಹೀರಾತನ್ನು ಶಬ್ದಪ್ರಮಾಣವಾಗಿ ಸ್ವೀಕರಿಸುತ್ತಾರೆ. ಆದರೆ ಜಾಹೀರಾತು ಹೇಳುವುದು ಮೇಲಿನ ಗಡಿಯನ್ನು ಮಾತ್ರ: ನೂರು ಎಂಬಿಪಿಎಸ್‌ವರೆಗೆ. ಕೆಳಗಿನ ಗಡಿಯನ್ನು ನಿಶ್ಚಯಿಸುವ ಭಾರ ಸರ್ಕಾರದ್ದು. 1995ರ ಆಗಸ್ಟ್ 15ರಂದು ವಿಎಸ್ಎನ್ಎಲ್ ಈ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ 9.6 ಕೆಬಿಪಿಎಸ್ ಡಯಲ್‌ಅಪ್‌ನಲ್ಲೇ ಜನ ಧನ್ಯರಾಗಿದ್ದರು. 2004ರ ನೀತಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದಿತು. 2013ರಲ್ಲಿ ಅದು 512 ಆಯಿತು. 2023ರಲ್ಲಿ 2 ಎಂಬಿಪಿಎಸ್‌ಗೆ ಬಂದು ನಿಂತಿತು. ಹೀಗಾಗಿ ಕಂಪನಿಯ ನೂರು ಮತ್ತು ಸರ್ಕಾರದ ಎರಡು, ಇವುಗಳ ನಡುವೆ ಎಲ್ಲಿ ಬೇಕಾದರೂ ಗ್ರಾಹಕನ ಸಂಜೆ ಕಳೆಯಬಹುದು, ಯಾರ ಮಾತೂ ಸುಳ್ಳಾಗುವುದಿಲ್ಲ. ಇದರ ಮೇಲೆ ಬಿಟ್ ಮತ್ತು ಬೈಟ್‌ಗಳ ಅಷ್ಟಾಂಶ ವ್ಯವಹಾರವಿದೆ. ಮಾರುವುದು ಬಿಟ್‌ನಲ್ಲಿ, ಫೈಲು ಇಳಿಯುವುದು ಬೈಟ್‌ನಲ್ಲಿ, ಎಂಟು ಬಿಟ್‌ಗೆ ಒಂದು ಬೈಟ್. ನೂರರ ಸಂಪರ್ಕದಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಎಂಬಿ ಇಳಿದರೆ ಅದು ಪೂರ್ಣ ಪ್ರಾಪ್ತಿ. ಅಷ್ಟು ಬಂದಾಗ ಮೋಸವಾಯಿತೆಂದು ಕೂಗಾಡುವವನೂ, ಅದರ ಕಾಲುಭಾಗ ಬಂದಾಗ ಸುಮ್ಮನಿರುವವನೂ ಒಂದೇ ಮನೆಯಲ್ಲಿ ಸಿಗುತ್ತಾನೆ.

ಇಲ್ಲಿ ಪೂರ್ವಪಕ್ಷಿ ಮೊಬೈಲ್ ತೆಗೆದು ಎದ್ದು ನಿಲ್ಲುತ್ತಾನೆ. ಶಬ್ದಪ್ರಮಾಣ ಬೇಡ, ಪ್ರತ್ಯಕ್ಷವೇ ಇದೆಯಲ್ಲ, ಸ್ಪೀಡ್ ಟೆಸ್ಟ್ ಮಾಡಿ ನೋಡಿ, ಟ್ರಾಯ್ 2016ರಲ್ಲೇ ಮೈಸ್ಪೀಡ್ ಎಂಬ ಆ್ಯಪ್ ಕೊಟ್ಟಿದೆ, ಊರಿನ ಎಲ್ಲ ಕಂಪನಿಗಳನ್ನೂ ಸಾಲಾಗಿ ಹೋಲಿಸಿ ಎನ್ನುತ್ತಾನೆ. ಆಕ್ಷೇಪ ಗಂಭೀರವಾದದ್ದು, ಉತ್ತರವೂ ಹಾಗೇ ಇರಬೇಕು. ಮೊದಲನೆಯದಾಗಿ, ಟೆಸ್ಟಿಗೆ ಉತ್ತರಿಸುವ ಸರ್ವರ್ ಬಹುವೇಳೆ ಅದೇ ಊರಿನಲ್ಲಿ, ಎಷ್ಟೋ ಸಲ ಅದೇ ಕಂಪನಿಯ ಜಾಲದೊಳಗೇ ಇರುತ್ತದೆ. ಅಡುಗೆಯವನೇ ರುಚಿ ನೋಡಿ ಭೇಷ್ ಎಂದಾಗ ಅದನ್ನು ಪ್ರತ್ಯಕ್ಷವೆನ್ನುವ ರೂಢಿ ನೈಯಾಯಿಕರಲ್ಲಿಲ್ಲ. ಎರಡನೆಯದಾಗಿ, ಮೋಡೆಮ್ಮನ್ನು ಟಿವಿ ಹಿಂದೆ ಅಡಗಿಸಿಟ್ಟು ಎರಡು ಗೋಡೆಯಾಚೆಯ ಮಂಚದ ಮೇಲಿಂದ ಅಳೆಯುವವನು ಅಳೆಯುತ್ತಿರುವುದು ಗೋಡೆಯನ್ನು. 5 ಗಿಗಾಹರ್ಟ್ಸ್ ವೈಫೈ ಗೋಡೆ ಕಂಡರೆ ಕುಗ್ಗುತ್ತದೆ, 2.4ರದ್ದು ಗೋಡೆ ದಾಟಿದರೂ ಅಕ್ಕಪಕ್ಕದ ಹತ್ತು ಮನೆಯ ವೈಫೈ ಜೊತೆ ಜಗಳವಾಡುತ್ತದೆ. ವಾಯುವಿನ ವಿಚಾರ ಇಲ್ಲಿಗೆ ಸಾಕು. ಮೂರನೆಯದು ನಿರ್ಣಾಯಕವಾದದ್ದು. ಇಂಟರ್ನೆಟ್ಟನ್ನು ಅಳೆಯಲು ಇಂಟರ್ನೆಟ್ ಬೇಕು. ಅದು ಇಲ್ಲದ ಹೊತ್ತಿನಲ್ಲಿ ಟೆಸ್ಟ್ ತೆರೆದುಕೊಳ್ಳುವುದೇ ಇಲ್ಲ. ಆದ್ದರಿಂದ ಜಗತ್ತಿನಲ್ಲಿ ದಾಖಲಾದ ಸ್ಪೀಡ್ ಟೆಸ್ಟುಗಳೆಲ್ಲವೂ ಸಂಪರ್ಕ ಇದ್ದಾಗಿನವು. ಶುಕ್ರವಾರ ಸಂಜೆ ಕೆಂಪು ದೀಪ ಹೊತ್ತಿಕೊಂಡು ಸೋಮವಾರ ಮಧ್ಯಾಹ್ನ ಆರಿದ ಸಂಪರ್ಕ ಆ ಅವಧಿಯಲ್ಲಿ ಯಾವ ಸರಾಸರಿಯನ್ನೂ ಕೆಡಿಸಲಿಲ್ಲ. ಬದುಕಿರುವವರನ್ನಷ್ಟೇ ಕೇಳಿ ಆಯುಷ್ಯದ ಲೆಕ್ಕ ಬರೆದ ಕೋಷ್ಟಕವನ್ನು ನಂಬಿ ಕಂಪನಿ ಆರಿಸುವುದು ಹೇಗೆ?

ಹೀಗೆ ಅಳತೆಯಿಂದ ತಪ್ಪಿಸಿಕೊಳ್ಳುವ ಆ ಹೊತ್ತಿನಲ್ಲೇ ಸತ್ಯ ಅಡಗಿದೆ. ಒಂದು ಸಂಸಾರಕ್ಕೆ ಎಷ್ಟು ವೇಗ ಬೇಕು? ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಸಾಕು. ಅಪ್ಪ ಧಾರಾವಾಹಿ, ಅಮ್ಮ ವಿಡಿಯೊ ಕಾಲ್, ಮಗ ಆಟ, ಮಗಳು ಆಫೀಸ್ ಮೀಟಿಂಗ್ ಎಂದು ನಾಲ್ಕು ಕೋಣೆಯಲ್ಲಿ ನಾಲ್ಕು ಮಂದಿ ಕೂತರೂ ಐವತ್ತು ದಾಟುವುದು ಕಷ್ಟ. ಐವತ್ತಕ್ಕೂ ಮುನ್ನೂರಕ್ಕೂ ಇರುವ ಅಂತರ ನೆಂಟರೆದುರು ಹೇಳಿಕೊಳ್ಳಲಿಕ್ಕೆ ಚೆನ್ನಾಗಿದೆ, ಅನುಭವಕ್ಕೆ ಅಪರೂಪ. ಆದರೆ ಐವತ್ತಕ್ಕೂ ಸೊನ್ನೆಗೂ ಇರುವ ಅಂತರ ಪ್ರತಿ ಮನೆಯಲ್ಲೂ ಅನುಭವವೇದ್ಯ. ಬೆಂಗಳೂರಿನಲ್ಲಿ ಆ ಸೊನ್ನೆಯನ್ನು ಉತ್ಪಾದಿಸುವ ಕಾರಣಗಳಿಗೆ ಬರವಿಲ್ಲ. ಪಾಲಿಕೆ ಚರಂಡಿಗೆ ಅಗೆಯುತ್ತದೆ, ಜಲಮಂಡಳಿ ಪೈಪಿಗೆ ಅಗೆಯುತ್ತದೆ, ನೆಲದಡಿಯ ಎಳೆ ಜೆಸಿಬಿ ಹಲ್ಲಿಗೆ ಸಿಗುತ್ತದೆ. ನೆಲ ಬೇಡವೆಂದು ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಎಳೆದರೆ ಮೊದಲ ಮಳೆಗೆ ಕೊಂಬೆ ಬೀಳುತ್ತದೆ. ಕೊಂಬೆ ಬೀಳದಿದ್ದರೆ ವಿದ್ಯುತ್ ಕಂಬಕ್ಕೆ ಅಕ್ರಮವಾಗಿ ಕಟ್ಟಿದ ಕೇಬಲ್ಲೆಂದು ಬೆಸ್ಕಾಂನವರು ಕತ್ತರಿಸಿ ಸುರುಳಿ ಮಾಡಿ ಒಯ್ಯುತ್ತಾರೆ. ಇಲಿಗಳ ಪಾತ್ರ ಪ್ರತ್ಯೇಕ ಪ್ರಬಂಧಕ್ಕೆ ಅರ್ಹ. ಈ ಎಲ್ಲ ಅನರ್ಥಗಳ ಕೊನೆಯಲ್ಲಿ ಮಾಡಬೇಕಾದ ಕೆಲಸ ಒಂದೇ: ತುಂಡಾದ ಜಾಗ ಹುಡುಕಿ, ಗಾಜಿನ ಎರಡು ತುದಿಗಳನ್ನು ಸ್ಪ್ಲೈಸಿಂಗ್ ಮೆಷಿನ್ನಿನಲ್ಲಿಟ್ಟು ಬೆಸೆಯುವುದು. ಬೆಸೆಯಲು ಬೇಕಾದದ್ದು ಕೆಲವು ನಿಮಿಷ. ಮೆಷಿನ್ನು ಹೊತ್ತ ಬೈಕು ಬರಲು ಬೇಕಾದದ್ದು ಅರ್ಧ ಗಂಟೆಯೂ ಆಗಬಹುದು, ಮೂರು ದಿನವೂ ಆಗಬಹುದು. ಈ ವ್ಯತ್ಯಾಸಕ್ಕೆ ಕಾರಣ ಪ್ಲಾನ್ ಅಲ್ಲ, ಲೇಸರ್ ಅಲ್ಲ, ಷೇರು ಮಾರುಕಟ್ಟೆಯಲ್ಲಿ ಕಂಪನಿಯ ಸ್ಥಾನವೂ ಅಲ್ಲ. ಲೈನ್‌ಮನ್ ಮನಸ್ಸು ಮಾಡಬೇಕು. ಐದನೆಯ ದ್ರವ್ಯ ಇಲ್ಲಿ ಸ್ವಯಂ ಪ್ರಕಟವಾಗುತ್ತದೆ.

ಸೂಕ್ಷ್ಮಬುದ್ಧಿಯ ಪೂರ್ವಪಕ್ಷಿಯೊಬ್ಬ ಇದಕ್ಕೆ ವ್ಯಾಪ್ತಿದೋಷ ತೋರಿಸುತ್ತಾನೆ. ಲೈನ್‌ಮನ್ ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತಾನೋ ಅಲ್ಲೆಲ್ಲ ಇಂಟರ್ನೆಟ್ ಇರುವುದಿಲ್ಲ. ಇಂಟರ್ನೆಟ್ ಸುಖವಾಗಿರುವ ಮನೆಯಲ್ಲಿ ಅವನು ಎಂದೂ ಕಾಣಿಸನು. ಹೊಗೆ ಮತ್ತು ಬೆಂಕಿಯ ನ್ಯಾಯದಿಂದ ಅವನು ವೇಗದ ಅಭಾವಕ್ಕೆ ಲಿಂಗವಾಗುತ್ತಾನೆಯೇ ವಿನಾ ವೇಗಕ್ಕಲ್ಲ ಎಂದು. ಇದರಲ್ಲಿ ಅರ್ಧ ಸತ್ಯವಿದೆಯೆಂದು ಒಪ್ಪುತ್ತೇವೆ. ಪಕ್ಕದ ಮನೆಗೆ ಹೊಸ ಸಂಪರ್ಕ ಕೊಡಲು ಬಂದವನು ಡಬ್ಬಿಯಲ್ಲಿ ಖಾಲಿ ಪೋರ್ಟ್ ಕಾಣದೆ, ಯಾರದೋ ತಂತಿ ಕಿತ್ತು ಆ ಜಾಗಕ್ಕೆ ಹೊಸದನ್ನು ಚುಚ್ಚಿ ಹೋಗುವ ಸಂಪ್ರದಾಯ ಇಲ್ಲದಿಲ್ಲ. ಆದರೆ ಇದರಿಂದ ಸಿದ್ಧಾಂತ ಬಲಗೊಳ್ಳುತ್ತದೆ. ಸೃಷ್ಟಿಗೂ ಲಯಕ್ಕೂ ಒಬ್ಬನೇ ಕಾರಣನಾದರೆ ಅವನ ಕಾರಣತ್ವ ಪೂರ್ಣವಾಯಿತು. ಸ್ಥಿತಿಕಾರ್ಯವನ್ನು ಮಾತ್ರ ಕಾಲ್ ಸೆಂಟರಿಗೆ ಬಿಟ್ಟುಕೊಡಲಾಗಿದೆ. ಮೋಡೆಮ್ ಆಫ್ ಮಾಡಿ ಆನ್ ಮಾಡಿ ಸರ್ ಎಂಬ ಉಪದೇಶ ಅಲ್ಲಿಂದ ಬರುತ್ತದೆ, ದೂರು ಬಗೆಹರಿದಿದೆ ಎಂಬ ಎಸ್ಎಂಎಸ್ಸೂ ಅಲ್ಲಿಂದಲೇ ಬರುತ್ತದೆ, ಕೆಂಪು ದೀಪ ತನ್ನ ಪಾಡಿಗೆ ತಾನು ಮಿಣುಕುತ್ತಿರುತ್ತದೆ.

ಮಲೆನಾಡಿನವರ ಆಕ್ಷೇಪ ಬೇರೆ ಬಗೆಯದು. ಕಂಪನಿ ಆರಿಸುವ ಮಾತು ಎರಡು ಕಂಪನಿ ಇರುವ ಊರಿನವರದ್ದು, ನಮಗೆ ಸಿಗ್ನಲ್ ಸಿಗುವ ಗುಡ್ಡ ಒಂದೇ ಎನ್ನುತ್ತಾರೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಮೊಬೈಲಿಗೆ ಬಂದಾಗ ಮಕ್ಕಳು ಪುಸ್ತಕ ಹಿಡಿದು ಗುಡ್ಡ ಹತ್ತಿದ್ದು, ತೋಟದ ತುದಿಯಲ್ಲಿ ಪ್ಲಾಸ್ಟಿಕ್ ಮಾಡಿನ ಗುಡಿಸಲು ಕಟ್ಟಿ ಕೂತಿದ್ದು ಎಲ್ಲರಿಗೂ ಗೊತ್ತಿದೆ. ಕರೆಂಟು ಹೋದರೆ ಟವರೂ ಹೋಗುವ ಊರಿನಲ್ಲಿ ಹೋಲಿಕೆ ಮಾಡುವುದಾದರೆ ಗುಡ್ಡ ಗುಡ್ಡಗಳ ನಡುವೆಯೇ ಮಾಡಬೇಕು: ಯಾವುದರ ಮೇಲೆ ಜಿಗಣೆ ಕಡಿಮೆ, ಯಾವುದರಲ್ಲಿ ಕೂರಲು ಬಂಡೆಯಿದೆ. ಆದರೆ ಇದೂ ನಮ್ಮ ಪಕ್ಷದ ಸಾಕ್ಷಿಯೇ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಆನ್‌ಲೈನ್ ಪಾಠ ಕೇಳುತ್ತ ಕೂತ ಮಗಳಿಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆ ಹೊತ್ತಿನಲ್ಲಿ ಎಂಬಿಪಿಎಸ್ ಯಾರ ಪ್ಲಾನಿನಲ್ಲಿತ್ತೋ ಏನೋ, ಪಾಠ ನಿಂತಿದ್ದು ಆ ಕೊಡೆ ಹಿಡಿದ ಕೈಯ ಮೇಲೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ, ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದದ್ದು ನಂತರ. ಪಂಚಾಯಿತಿ ಕಟ್ಟಡದ ಬೀರುವಿನವರೆಗೆ ಬಂದ ಎಳೆ ಅಲ್ಲಿಂದ ಮನೆಗೆ ಬರಲು ಮತ್ತೆ ಒಬ್ಬ ಮನುಷ್ಯ ಬೇಕು ಎಂಬುದನ್ನು ಹೆಸರು ಬದಲಿಸಿದರೂ ತಪ್ಪಿಸಲಾಗಲಿಲ್ಲ.

ಇನ್ನು ನವ್ಯರು. ತಂತಿಯೇ ಬೇಡ, 5ಜಿ ಏರ್‌ಫೈಬರ್ ಬಂದಿದೆ, ನಾಳೆ ಉಪಗ್ರಹವೂ ಬರುತ್ತದೆ, ಲೈನ್‌ಮನ್ ಪುರಾಣ ಮುಗಿಯಿತು ಎಂಬುದು ಇವರ ಘೋಷಣೆ. ಆಕಾಶಕ್ಕೆ ಶಬ್ದ ಗುಣವಿದೆ, ವೇಗವಿಲ್ಲ ಎಂದು ವೈಶೇಷಿಕರು ಮೊದಲೇ ಎಚ್ಚರಿಸಿದ್ದಾರೆ. ಜಾಹೀರಾತುಗಳ ಸದ್ದು ಕೇಳಿದವರಿಗೆ ಅದರ ಸತ್ಯ ತಿಳಿದೀತು. ಲೌಕಿಕವಾಗಿ ಹೇಳುವುದಾದರೆ, ಏರ್‌ಫೈಬರ್‌ನ ಅಲೆ ಹೊರಡುವ ಟವರಿನ ಬುಡಕ್ಕೂ ಬಹುಮಟ್ಟಿಗೆ ಅದೇ ನೆಲದಡಿಯ ಫೈಬರೇ ಬಂದಿರುತ್ತದೆ, ಅದೇ ಜೆಸಿಬಿಯ ಕೃಪೆಯಲ್ಲಿ. ತಾರಸಿಯ ಮೇಲಿನ ಡಬ್ಬಿ ಗಾಳಿಗೆ ತಿರುಗಿಕೊಂಡರೆ ಏಣಿ ಹಾಕುವವನೂ ಬೇಕು. ಉಪಗ್ರಹ 36,000 ಕಿಲೋಮೀಟರ್ ಎತ್ತರದ್ದಾದರೆ ಮಾತು ಹೋಗಿ ಉತ್ತರ ಬರುವಷ್ಟರಲ್ಲಿ ಸುಮಾರು ಅರ್ಧ ಸೆಕೆಂಡ್ ಕಳೆದಿರುತ್ತದೆ. 550 ಕಿಲೋಮೀಟರಿನದಾದರೆ ಆ ದೋಷ ಇಲ್ಲವೆನ್ನಬಹುದು, ದುಡ್ಡಿನ ದೋಷವಿದೆ.

ಸ್ಪರ್ಧೆಯನ್ನು ನಂಬಿದವರು ಎರಡು ಸಂಪರ್ಕ ಇಟ್ಟುಕೊಳ್ಳಿ ಎನ್ನುತ್ತಾರೆ. ಎರಡೂ ತಂತಿಗಳು ಒಂದೇ ಕಂಬದಲ್ಲಿ ಒಂದೇ ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದುಕೊಂಡು ಬರುವುದನ್ನು ತಲೆಯೆತ್ತಿ ನೋಡಿದರೆ ಇದಕ್ಕೆ ಬೇರೆ ಉತ್ತರ ಬೇಕಾಗದು. ಅಪಾರ್ಟ್‌ಮೆಂಟಿನವರಿಗಂತೂ ಅಸೋಸಿಯೇಷನ್ ಒಪ್ಪಿದ ಕಂಪನಿಯೇ ಕಂಪನಿ.

ಆದ್ದರಿಂದ ಆಯ್ಕೆಯ ಕ್ರಮ ಹೀಗಿರತಕ್ಕದ್ದು. ಮೊದಲು ಬೀದಿಯ ಟೀ ಅಂಗಡಿಯಲ್ಲಿ ವಿಚಾರಿಸಿ, ಕಂಬ ಹತ್ತುವವನು ಯಾರು, ಅವನ ಮನೆ ಯಾವ ಕಡೆ, ಭಾನುವಾರ ಫೋನ್ ಎತ್ತುತ್ತಾನೆಯೇ ಎಂದು ತಿಳಿಯಬೇಕು. ಆಮೇಲೆ ಅವನು ಯಾವ ಕಂಪನಿಯ ಕೆಲಸ ಮಾಡುತ್ತಾನೋ ಅದರಲ್ಲಿ ಅತಿ ಅಗ್ಗದ ಪ್ಲಾನ್ ಹಿಡಿಯಬೇಕು. ಅವನು ನಾಳೆ ಕಂಪನಿ ಬಿಟ್ಟರೆ ಏನು ಗತಿ ಎಂಬ ಕೊನೆಯ ಆಕ್ಷೇಪಕ್ಕೆ ಉತ್ತರ ಸುಲಭ: ಆಶ್ರಯ ಹೋದಲ್ಲಿಗೆ ಗುಣ ಹೋಗುತ್ತದೆ, ಗ್ರಾಹಕನೂ ಅವನ ಹಿಂದೆಯೇ ಹೋಗಬೇಕು. ಆಗ ಹಳೆಯ ಕಂಪನಿಗೆ ಮೋಡೆಮ್ ಹಿಂದಿರುಗಿಸಿ ಡೆಪಾಸಿಟ್ ವಾಪಸ್ ಪಡೆಯುವುದು ಹೇಗೆಂದು ಕೇಳಬಾರದು. ಆ ವಿಷಯ ಈ ಶಾಸ್ತ್ರದ್ದಲ್ಲ, ಮೋಕ್ಷಶಾಸ್ತ್ರದ್ದು.