ಒಣಹಾಕಿದ ಗಡಿಯಾರ

ಊರಿಂದ ಬಂದ ಅಮ್ಮ ಹಾಲ್‌ನ ಗೋಡೆ ನೋಡಿ ನಿಂತುಬಿಟ್ಟರು.

"ಇದೇನೋ, ಗಡಿಯಾರ ಒಗೆದು ಒಣಹಾಕಿದ್ದೀಯಾ?"

"ಅಮ್ಮಾ, ಡಾಲಿ 1931ರಲ್ಲಿ ಬರೆದ ಚಿತ್ರ ಅದು. ಸರ್ರಿಯಲಿಸಂ. ಕನಸಿನ ಲೋಕ."

"ಇಷ್ಟು ದೊಡ್ಡದು ಬರೆದನಾ?"

"ಮೂಲ ನ್ಯೂಯಾರ್ಕಿನ ಮ್ಯೂಸಿಯಂನಲ್ಲಿದೆ. 24 ಸೆಂಟಿಮೀಟರ್ ಎತ್ತರ, 33 ಅಗಲ, ಅಷ್ಟೇ. ನಮ್ಮದು ಐದಡಿ. ಸೋಫಾಗೆ ಮ್ಯಾಚ್ ಆಗಬೇಡವೇ?"

(ಕಲೆ ಸೋಫಾಗೆ ಶರಣಾಗುವುದು ಹೊಸದೇನಲ್ಲ ಬಿಡಿ.)

"ವೆಂಕಟರಮಣನ ಫೋಟೊ ಎಲ್ಲಿ?"

"ಅಟ್ಟದ ಮೇಲೆ. ಥೀಮ್‌ಗೆ ಹೊಂದಲಿಲ್ಲ."

ಅಮ್ಮ ಕನ್ನಡಕ ಏರಿಸಿ ಹತ್ತಿರ ಹೋದರು. "ಈ ಮೂಲೆಯ ಗಡಿಯಾರಕ್ಕೆ ಇರುವೆ ಮುತ್ತಿದೆಯಲ್ಲೋ!"

"ಅದೂ ಚಿತ್ರವೇ ಅಮ್ಮಾ. ಕೊಳೆಯುವಿಕೆಯ ಸಂಕೇತ."

"ಮತ್ತೆ ಇದು?"

ಒಂದು ಇರುವೆ ಫ್ರೇಮ್ ದಾಟಿ ಸ್ವಿಚ್‌ಬೋರ್ಡಿನತ್ತ ಹೊರಟಿತ್ತು. ಹಿಂದೆ ಇನ್ನೂ ನಾಲ್ಕು.

"ಸಂಕೇತ ಆಮೇಲೆ ನೋಡೋಣ. ಲಕ್ಷ್ಮಣರೇಖೆ ಎಲ್ಲಿಟ್ಟಿದ್ದೀಯ, ಹೇಳು."

ಅದೂ ಅಟ್ಟದ ಮೇಲೇ ಇತ್ತು.