ಮನೆಯೊಳಗಿನ ವೈರುಗಳು

ನಮ್ಮ ಮನೆಯ ಶೋಕೇಸಿನ ಕೆಳಖಾನೆಯಲ್ಲಿ ಒಂದು ತಗಡಿನ ಬಿಸ್ಕತ್ತು ಡಬ್ಬ ಇದೆ. ಅದರಲ್ಲಿ ಬಿಸ್ಕತ್ತು ಇದ್ದದ್ದು ಒಂದು ವಾರ, ವೈರು ಇರುವುದು ಹದಿನೆಂಟು ವರ್ಷದಿಂದ. ಮುಚ್ಚಳ ತೆಗೆದು ಒಂದು ತುದಿ ಹಿಡಿದು ಎಳೆದರೆ ಒಳಗಿರುವುದೆಲ್ಲ ಒಟ್ಟಿಗೇ ಮೇಲೆದ್ದು ಬರುತ್ತದೆ, ಒತ್ತಿದ ಶಾವಿಗೆಯನ್ನು ಬಿಡಿಸದೆ ಬಿಟ್ಟ ಹಾಗೆ. ಹೊರಗಿನ ವೈರಿಗಳನ್ನಾದರೂ ಎದುರಿಸಬಹುದು, ಒಳಗಿನ ಆರು ವೈರಿಗಳನ್ನು ಗೆಲ್ಲುವುದೇ ಕಷ್ಟ ಎಂದು ಹರಿಕಥೆ ದಾಸರು ಹೇಳಿದಾಗೆಲ್ಲ ನನಗೆ ಈ ಡಬ್ಬ ನೆನಪಾಗುತ್ತದೆ. ಆರೇ ಆಗಿದ್ದರೆ ಹೇಗೋ ಗೆಲ್ಲಬಹುದಿತ್ತು.

ನಮ್ಮನೆಯವರಿಗೆ ಬೆಳಗಿನ ಕಾಫಿಯ ಜೊತೆ ಟೆಕ್ನಾಲಜಿ ಸುದ್ದಿ ಬೇಕು. ಅಂಗಡಿಗೆ ಬರಲು ಇನ್ನೂ ಆರು ತಿಂಗಳಿರುವ ಫೋನಿನ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಅವರಿಗೆ ಗೊತ್ತು. ಗ್ಯಾಸ್ ಸಿಲಿಂಡರ್ ಬುಕ್ ಮಾಡಿ ಎಷ್ಟು ದಿನವಾಯಿತು ಎಂದು ಗೊತ್ತಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಎಂದು ಹಿರಿಯರು ನಗುತ್ತಿದ್ದರು. ಈ ಸುದ್ದಿಯವರು ಅದಕ್ಕೂ ಒಂದು ಹೆಜ್ಜೆ ಮುಂದೆ, ಕುಲಾವಿಯ ಬಣ್ಣ ‘ಲೀಕ್’ ಆಯಿತು ಎಂದು ಬರೆಯುತ್ತಾರೆ. ಇಷ್ಟೆಲ್ಲ ಓದುವವರ ಕೈಯಲ್ಲಿರುವುದು ಐದು ವರ್ಷ ಹಳೆಯ, ಮೂಲೆ ಸೀಳಿದ ಫೋನು. ಕೊಳ್ಳುವ ಉದ್ದೇಶ ಅವರಿಗೆ ಯಾವತ್ತೂ ಇರಲಿಲ್ಲ. ಅಡುಗೆ ಮಾಡಲು ಬಾರದವರು ಅಡುಗೆ ಕಾರ್ಯಕ್ರಮ ನೋಡುತ್ತಾರಲ್ಲ, ಆ ಜಾತಿ.

2024ರ ಡಿಸೆಂಬರ್ 28, ಶನಿವಾರ. ಕಾಫಿ ಲೋಟ ಕೆಳಗಿಟ್ಟು ಘೋಷಿಸಿದರು. “ಇವತ್ತಿನಿಂದ ಯುರೋಪಿನಲ್ಲಿ ಎಲ್ಲದಕ್ಕೂ ಒಂದೇ ಚಾರ್ಜರ್ ಕಣೇ. ಕಾನೂನೇ ಬಂತು.”

“ಬರಲಿ ಬಿಡಿ. ನಾವಿರುವುದು ಕುವೆಂಪುನಗರದಲ್ಲಿ.”

“ಅಲ್ಲಿಗೊಂದು ಫೋನು, ಇಲ್ಲಿಗೊಂದು ಫೋನು ಅಂತ ಯಾವ ಕಂಪನಿ ಮಾಡುತ್ತೆ? ಅಲ್ಲಿ ಏನೋ ಇಲ್ಲೂ ಅದೇ.”

ಅವರ ಭವಿಷ್ಯವಾಣಿಗಳಲ್ಲಿ ನಿಜವಾದದ್ದು ಇದೊಂದೇ, ಅದೂ ಅವರು ನುಡಿಯುವ ಮೊದಲೇ ನಿಜವಾಗಿಬಿಟ್ಟಿತ್ತು. ಯುರೋಪಿನ ಪಾರ್ಲಿಮೆಂಟು ಈ ಕಾನೂನಿಗೆ 2022ರ ಅಕ್ಟೋಬರಿನಲ್ಲೇ ಒಪ್ಪಿಗೆ ಕೊಟ್ಟಿತ್ತು. ಪರವಾಗಿ 602 ಮತ, ವಿರುದ್ಧ 13. (ವೈರಿನ ವಿಷಯದಲ್ಲಿ ಮನುಷ್ಯರು ಇಷ್ಟು ಒಗ್ಗಟ್ಟಾಗಬಲ್ಲರು ಎಂದರೆ ಅಲ್ಲೂ ಮನೆಮನೆಗೊಂದು ಬಿಸ್ಕತ್ತು ಡಬ್ಬ ಇದೆ ಎಂದೇ ಅರ್ಥ. ಆ ಹದಿಮೂರು ಜನರ ಮನೆಗಳನ್ನು ಒಮ್ಮೆ ನೋಡಬೇಕೆಂದು ನನಗೆ ಆಸೆ.) ತನ್ನದೇ ಪಿನ್ನು ಹಿಡಿದು ಕೂತಿದ್ದ ಆಪಲ್ ಕೂಡ 2023ರಲ್ಲಿ ಐಫೋನ್ 15ಕ್ಕೆ ಸಿ-ಟೈಪ್ ಹಾಕಿತು, ಯುರೋಪಿಗಷ್ಟೇ ಅಲ್ಲ, ಎಲ್ಲ ಕಡೆಗೂ. 2012ರಲ್ಲಿ ಆ ಪಿನ್ನನ್ನು ತಂದಾಗ ಮುಂದಿನ ಹತ್ತು ವರ್ಷಕ್ಕೆ ಇದು ಎಂದು ವೇದಿಕೆಯ ಮೇಲೆ ಹೇಳಿದ್ದರು. ಹನ್ನೊಂದು ವರ್ಷ ನಡೆಯಿತು. ಟೆಕ್ನಾಲಜಿಯವರು ಕೊಟ್ಟ ಮಾತಿಗಿಂತ ಒಂದು ವರ್ಷ ಹೆಚ್ಚೇ ನಡೆಸಿಕೊಟ್ಟ ಉದಾಹರಣೆ ನನಗೆ ಗೊತ್ತಿರುವುದು ಇದೊಂದೇ.

ಈಗಿನ ಮಕ್ಕಳಿಗೆ ಹಿಂದಿನ ಕಷ್ಟ ಗೊತ್ತಿಲ್ಲ. ನಮ್ಮ ಕಾಲದಲ್ಲಿ ನೋಕಿಯಾ ಒಂದಕ್ಕೇ ದಪ್ಪ ಪಿನ್ನು, ಸಣ್ಣ ಪಿನ್ನು ಎಂದು ಎರಡು ಪಂಗಡ. ಕಲ್ಯಾಣ ಮಂಟಪದಲ್ಲಿ ಒಬ್ಬರು ಫೋನು ಹಿಡಿದು “ಸಣ್ಣ ಪಿನ್ ಇದೆಯಾ, ಸಣ್ಣ ಪಿನ್?” ಎಂದು ಕೇಳಿಕೊಂಡು ಓಡಾಡುತ್ತಿದ್ದರೆ, ಅವರು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂದು ಯಾರೂ ಕೇಳುತ್ತಿರಲಿಲ್ಲ. ಸಣ್ಣ ಪಿನ್ನಿನ ಕಡೆಯವರು, ಅಷ್ಟೇ. ಹಾಗೆ ಅಕ್ಕಪಕ್ಕದ ಪ್ಲಗ್ಗಿನಲ್ಲಿ ಚಾರ್ಜಿಗೆ ಹಾಕಿದವರ ನಡುವೆ ಬೆಳೆದ ಸ್ನೇಹ ಮುಂದೆ ಬೀಗತನದವರೆಗೂ ಹೋದದ್ದುಂಟು. ಯುರೋಪಿನವರು ಫೋನು ಕಂಪನಿಗಳನ್ನು ಕೂರಿಸಿ ಒಂದೇ ಪಿನ್ನಿಗೆ ಬನ್ನಿ ಎಂದು ಮೊದಲು ಒಪ್ಪಂದ ಮಾಡಿಸಿದ್ದು 2009ರಲ್ಲಿ. ಹಾಗೆ ಬಂದದ್ದು ನಾವು ‘ಆಂಡ್ರಾಯ್ಡ್ ಪಿನ್ನು’ ಎನ್ನುತ್ತಿದ್ದ ಮೈಕ್ರೋ ಯು.ಎಸ್.ಬಿ. ಅದಕ್ಕೆ ಮೇಲು ಕೆಳಗು ಎಂಬ ಭೇದ ಬಹಳ. ಕತ್ತಲಲ್ಲಿ ಚುಚ್ಚಲು ಹೋಗಿ ಎಷ್ಟು ಫೋನುಗಳ ಬಾಯಿ ಹಲ್ಲು ಕಿತ್ತುಕೊಂಡವೋ.

ಅದರ ದೊಡ್ಡಣ್ಣ, ಕಂಪ್ಯೂಟರಿಗೆ ಸಿಕ್ಕಿಸುವ ಚಪ್ಪಟೆ ಯು.ಎಸ್.ಬಿ.ಯದೂ ಅದೇ ಹಣೆಬರಹ. 1996ರಲ್ಲಿ ಬಂದ ಅದನ್ನು ರೂಪಿಸಿದವರಲ್ಲಿ ಮುಖ್ಯರು ಇಂಟೆಲ್‌ನ ಅಜಯ್ ಭಟ್, ಬರೋಡದಲ್ಲಿ ಓದಿದವರು. ಎರಡೂ ಕಡೆಯಿಂದ ಹೋಗುವಂತೆ ಮಾಡಿದ್ದರೆ ವೈರು, ಖರ್ಚು ಎರಡೂ ಜಾಸ್ತಿಯಾಗುತ್ತಿತ್ತು ಎಂದು ಅವರೇ ಆಮೇಲೆ ವಿವರಿಸಿದ್ದಾರೆ. ಅಂತೂ ನಮ್ಮವರೊಬ್ಬರು ಮಿತವ್ಯಯ ಮಾಡಿ ಇಡೀ ಲೋಕಕ್ಕೆ ತಾಳ್ಮೆ ಕಲಿಸಿದರು. 2009ರಲ್ಲಿ ಇಂಟೆಲ್ ಅವರನ್ನು ರಾಕ್‌ಸ್ಟಾರ್ ಎಂದು ತೋರಿಸಿ ಜಾಹೀರಾತು ಮಾಡಿತು. ಆದರೆ ಅದರಲ್ಲಿ ಅವರ ಪಾತ್ರ ಮಾಡಿದ್ದು ಬೇರೊಬ್ಬ ನಟ. ಅಸಲು ಬಿಟ್ಟು ಡ್ಯೂಪ್ಲಿಕೇಟ್ ಹಾಕಿದರು ಎಂದರೆ ಚಾರ್ಜರ್ ಲೋಕಕ್ಕೆ ಸರಿಯಾಗೇ ಹೊಂದುತ್ತದೆ.

ಇಷ್ಟು ಸಾಲದೆಂದು 2020ರಲ್ಲಿ ಆಪಲ್ ಫೋನಿನ ಡಬ್ಬದಿಂದ ಚಾರ್ಜರನ್ನೇ ತೆಗೆದುಹಾಕಿತು. ಪರಿಸರಕ್ಕೆ ಒಳ್ಳೆಯದು, ಹಳೆಯದು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದಲ್ಲ ಎಂಬುದು ಕಾರಣ. ಆದರೆ ಡಬ್ಬದಲ್ಲಿ ಕೊಟ್ಟ ವೈರಿನ ಒಂದು ತುದಿ ಸಿ-ಟೈಪು. ಮನೆಯಲ್ಲಿದ್ದ ಹಳೆಯ ಚಾರ್ಜರಿನ ಬಾಯಿ ಚಪ್ಪಟೆ. ಊಟಕ್ಕೆ ಕರೆದು, ಎಲೆ ನಿಮ್ಮ ಮನೆಯಿಂದಲೇ ತನ್ನಿ ಎಂದು, ತಂದ ಮೇಲೆ ಈ ಅಳತೆಯದು ಇಲ್ಲಿ ನಡೆಯುವುದಿಲ್ಲ ಎಂದ ಹಾಗಾಯಿತು. ಮೊದಲು ನಕ್ಕ ಸ್ಯಾಮ್‌ಸಂಗ್ ಮರುವರ್ಷ ಅದನ್ನೇ ಮಾಡಿತು. ಇದನ್ನು ಪರಿಸರ ಪ್ರೇಮ ಎಂದು ಒಪ್ಪಲು ನಾನು ತಯಾರಿಲ್ಲ; ಪರಿಸರದ ಮೇಲೆ ಅಷ್ಟು ಪ್ರೀತಿ ಇದ್ದಿದ್ದರೆ ಫೋನಿನ ಬೆಲೆಯಲ್ಲೂ ಕೊಂಚ ಇಳಿಸುತ್ತಿದ್ದರು.

ಇರಲಿ. ಆ ಶನಿವಾರ ಮಧ್ಯಾಹ್ನ ನಮ್ಮನೆಯವರು ಚರಿತ್ರೆಯ ಭಾರ ಕಳಚಲು ನಿರ್ಧರಿಸಿದರು. ಡಬ್ಬವನ್ನು ಹಾಲಿನಲ್ಲಿ ಸುರಿದು, ಸಿ-ಟೈಪ್ ಅಲ್ಲದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದ ಗುಜರಿಯವನಿಗೆ ಕೊಟ್ಟರು. ಅವನು ತಕ್ಕಡಿಯಲ್ಲಿಟ್ಟು ನಲವತ್ತು ರೂಪಾಯಿ ಕೊಟ್ಟ. ಸಂಜೆ ಅರಸು ರಸ್ತೆಗೆ ಹೋಗಿ ಇವರು ಆರು ಹೊಸ ಸಿ-ಟೈಪ್ ವೈರು ತಂದರು. ಎಷ್ಟಾಯಿತು ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ದಾಂಪತ್ಯ ಉಳಿಯುವುದು ಹೀಗೆ.

ಸಂಕ್ರಾಂತಿಗೆ ಮಗ ಹಾಸ್ಟೆಲಿನಿಂದ ಬಂದ. ಅವನ ಫೋನು 80 ವ್ಯಾಟಿನದು, ಅರ್ಧ ಗಂಟೆಯಲ್ಲಿ ತುಂಬುತ್ತದೆ ಎಂದು ಅವನ ಹೆಮ್ಮೆ. ಚಾರ್ಜರ್ ಹಾಸ್ಟೆಲಿನಲ್ಲೇ ಮರೆತಿದ್ದ. “ಅದಕ್ಕೇನಂತೆ, ಈಗೆಲ್ಲ ಒಂದೇ” ಎಂದು ಅಪ್ಪ ಹೊಸ ವೈರನ್ನು ತಮ್ಮ ಚಾರ್ಜರಿಗೆ ಸಿಕ್ಕಿಸಿ ಕೊಟ್ಟರು. ಪರದೆಯ ಮೇಲೆ ಬಂತು: ಪೂರ್ತಿಯಾಗಲು ಎರಡು ಗಂಟೆ ಐವತ್ತು ನಿಮಿಷ.

“ಅಮ್ಮಾ, ನಿಮ್ಮ ಮನೆ ಕರೆಂಟೇ ಸ್ಲೋ” ಎಂದ ಮಗ. ನಮ್ಮ ಮನೆಯ ಕರೆಂಟಿಗೆ ಅಂದರೆ ನಾನು ಬಿಡುವವಳಲ್ಲ. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಹುಟ್ಟಿದ ಕರೆಂಟು 1902ರಲ್ಲೇ 140 ಕಿಲೋಮೀಟರಿಗೂ ಹೆಚ್ಚು ದೂರ ಓಡಿ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. ಅಂಥದ್ದು ಈ ಒಂದು ಮೀಟರ್ ವೈರಿನಲ್ಲಿ ಏದುಸಿರು ಬಿಡುತ್ತದೆ ಎಂದರೆ ತಪ್ಪು ಎಲ್ಲೋ ಬೇರೆ ಇದೆ. ಅತ್ತೆಯವರು ಪಂಚಾಂಗ ನೋಡುವ ಭೂತಗನ್ನಡಿ ತೆಗೆದುಕೊಂಡು ಚಾರ್ಜರುಗಳ ಬೆನ್ನಿನ ಮೇಲಿನ ಇರುವೆ ಅಕ್ಷರ ಓದತೊಡಗಿದೆ. ಎರಡು ದಿನ ಅದನ್ನೂ ಇದನ್ನೂ ಓದಿ ತಿಳಿದದ್ದನ್ನು ಹೇಳುತ್ತೇನೆ. ಇಂಜಿನಿಯರುಗಳು ಕ್ಷಮಿಸಬೇಕು, ನನಗೆ ಇದು ಅರ್ಥವಾದದ್ದು ಪಂಕ್ತಿ ಊಟದ ಭಾಷೆಯಲ್ಲಿ.

ಚಾರ್ಜರು ಬಡಿಸುವವ, ಫೋನು ಉಣ್ಣುವವ, ವೈರು ಸೌಟು. ಸಿಕ್ಕಿಸಿದ ಕೂಡಲೇ ಬಡಿಸುವವ ಮೈಮೇಲೆ ಸುರಿಯುವುದಿಲ್ಲ. ಎಲೆಯ ತುದಿಗೆ ಉಪ್ಪು ಹಾಕಿದ ಹಾಗೆ ಮೊದಲು ಬರೀ 5 ವೋಲ್ಟ್. ಆಮೇಲೆ “ನನ್ನ ಹತ್ತಿರ 9 ಇದೆ, 15 ಇದೆ, 20 ಇದೆ, ಯಾವುದು ಹಾಕಲಿ?” ಎಂದು ಕೇಳುತ್ತಾನೆ. ಉಣ್ಣುವವ “9 ಹಾಕಿ” ಎನ್ನುತ್ತಾನೆ. ಕಣ್ಣು ಮಿಟುಕಿಸುವುದರೊಳಗೆ ಈ ಉಪಚಾರವೆಲ್ಲ ಮುಗಿಯುತ್ತದೆ. ಬಡಿಸುವವನ ಪಟ್ಟಿಯೇ ಚಾರ್ಜರಿನ ಬೆನ್ನ ಮೇಲಿನ ಆ ಇರುವೆ ಅಕ್ಷರ. ಇನ್ನು ಸೌಟು. ಮಾಮೂಲಿ ಸಿ-ಟೈಪ್ ವೈರು 3 ಆಂಪಿಯರ್ ಎತ್ತುತ್ತದೆ, ಅಂದರೆ ಹೆಚ್ಚೆಂದರೆ 60 ವ್ಯಾಟ್. 5 ಆಂಪಿಯರ್ ಎತ್ತುವ ಸೌಟಿನ ಹಿಡಿಯೊಳಗೆ ಒಂದು ಚೂರು ಚಿಪ್ಪು ಕೂತು “ನನ್ನ ಕೈಲಾಗುತ್ತೆ” ಎಂದು ಸಾಕ್ಷಿ ಹೇಳಬೇಕು. ಆ ಸಾಕ್ಷಿ ಇಲ್ಲದಿದ್ದರೆ ಬಡಿಸುವವ ನಂಬುವುದಿಲ್ಲ. 2021ರ ಹೊಸ ನಿಯಮದ ಪ್ರಕಾರ 240 ವ್ಯಾಟಿನ ಸೌಟೂ ಉಂಟು. ಹೊರಗಿನಿಂದ ನೋಡಿದರೆ ಮೂರೂ ಒಂದೇ! ಹುಳಿ ಸೌಟಿಗೂ ತುಪ್ಪದ ಮಿಳ್ಳೆಗೂ ವ್ಯತ್ಯಾಸ ಗೊತ್ತಾಗದ ಹಾಗೆ ಪಾತ್ರೆ ಮಾಡುವ ಕಂಚುಗಾರ ಯಾವ ಊರಿನಲ್ಲಾದರೂ ಬದುಕುತ್ತಾನೆಯೇ?

ಫೋಟೋ, ಫೈಲು ಸಾಗಿಸುವ ವೇಗದ್ದೂ ಇದೇ ಕಥೆ. ಒಂದು ವೈರು ಸೆಕೆಂಡಿಗೆ 40 ಗಿಗಾಬಿಟ್ ಒಯ್ದರೆ, ಅದರ ತದ್ರೂಪಿ ತಮ್ಮ 480 ಮೆಗಾಬಿಟ್‌ಗೆ ಸುಸ್ತು; ಎಂಬತ್ತು ಪಟ್ಟಿಗೂ ಹೆಚ್ಚು ಅಂತರ. ಐಫೋನ್ 15ರ ಡಬ್ಬದಲ್ಲಿ ಬಂದದ್ದೂ ಈ ತಮ್ಮನೇ. ಹೆಸರು ನೋಡಿ ಗುರುತಿಸೋಣ ಎಂದರೆ ಅದಿನ್ನೂ ಗೋಜಲು. 2008ರಲ್ಲಿ ಯು.ಎಸ್.ಬಿ. 3.0 ಎಂದು ಕರೆದದ್ದನ್ನು ಆಮೇಲೆ 3.1 ಜೆನ್ 1 ಎಂದರು, ಮತ್ತೆ 3.2 ಜೆನ್ 1 ಎಂದರು. ವಸ್ತು ಅದೇ. ನಮ್ಮ ನಗರಪಾಲಿಕೆ ಕೂಡ ಒಂದು ರಸ್ತೆಗೆ ಹತ್ತು ವರ್ಷದಲ್ಲಿ ಮೂರು ಹೆಸರು ಇಡುವುದಿಲ್ಲ. ಇಟ್ಟರೂ ಆಟೋದವರು ಹಳೆಯದನ್ನೇ ಹೇಳುತ್ತಾರೆ.

ಮಗನ ಫೋನಿನ ರೋಗವೂ ಗೊತ್ತಾಯಿತು. ಅವನ ಕಂಪನಿಯವರು ತಮ್ಮದೇ ಬಡಿಸುವವ, ತಮ್ಮದೇ ಸೌಟು ಇದ್ದರೆ ಮಾತ್ರ ಹೋಳಿಗೆ ಮೇಲೆ ಹೋಳಿಗೆ ಹಾಕುತ್ತಾರೆ. ಪರರ ಮನೆಯ ಚಾರ್ಜರ್ ಸಿಕ್ಕಿಸಿದರೆ ಅನ್ನ, ಸಾರು, ನಮಸ್ಕಾರ. ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಾದರೇನು ಎಂಬ ಗಾದೆ ಕಟ್ಟಿದವರಿಗೆ ಫಾಸ್ಟ್ ಚಾರ್ಜಿಂಗ್ ಅಂದೇ ಗೊತ್ತಿತ್ತೆಂದು ತೋರುತ್ತದೆ. ಯುರೋಪಿನ ಕಾನೂನು ಇದನ್ನೂ ಬಿಟ್ಟಿಲ್ಲ. ನಿಮ್ಮ ಮನೆಯ ವಿಶೇಷ ನಿಮಗಿರಲಿ, ಎಲ್ಲರಿಗೂ ಸಲ್ಲುವ ಫಾಸ್ಟ್ ಚಾರ್ಜಿಂಗ್ ಕ್ರಮವನ್ನೂ ಜೊತೆಗಿಡಿ ಎಂದಿದೆ. ಒಳ್ಳೆಯ ಕಾನೂನೇ. ಬಾಯಿ ಒಂದು ಮಾಡಿದರೆ ಸಾಲದು, ಮಾತೂ ಒಂದಾಗಬೇಕು ಎಂದು ಅವರಿಗೆ ಹೊಳೆದಿದೆ. ನಮ್ಮನೆಯವರಿಗೆ ಮಾತ್ರ ಬಾಯಷ್ಟೇ ಕಂಡಿತು.

ಈಗ ನಾನು ವೈರುಗಳಿಗೆಲ್ಲ ಬಿಳಿ ಪ್ಲಾಸ್ಟರ್ ಸುತ್ತಿ ಪೆನ್ನಿನಲ್ಲಿ ಬರೆದಿದ್ದೇನೆ: ‘ಹುಳಿ ಸೌಟು’, ‘ತುಪ್ಪದ ಮಿಳ್ಳೆ’, ‘ಲ್ಯಾಪ್‌ಟಾಪಿಗೆ ಮಾತ್ರ’, ‘ಇದು ಏನಕ್ಕೂ ಇಲ್ಲ, ಆದರೂ ಇರಲಿ’. ಡಬ್ಬ ಮತ್ತೆ ತುಂಬಿದೆ.

ಇದೆಲ್ಲ ಸುಧಾರಿಸಿತು ಎನ್ನುವಾಗ ಅತ್ತೆಯವರು ಕೋಣೆಯಿಂದ ಹೊರಗೆ ಬಂದರು. ಅವರದು ಟಾರ್ಚ್ ಇರುವ ಹಳೆಯ ನೋಕಿಯಾ. ಅಷ್ಟು ವಯಸ್ಸಾದರೂ ಅದನ್ನು ಮೂರು ದಿನಕ್ಕೊಮ್ಮೆ ಚಾರ್ಜಿಗೆ ಹಾಕಿದರೆ ಸಾಕು. ಚಾರ್ಜರನ್ನು ಕೋಣೆಯ ಕಿಟಕಿಯಲ್ಲೇ ಇಟ್ಟುಕೊಳ್ಳುತ್ತಾರೆ. ಆದರೆ ಹಬ್ಬದ ಧೂಳು ಹೊಡೆಯುವಾಗ ನಾನೇ ಅವರ ಚಾರ್ಜರನ್ನು ಡಬ್ಬಕ್ಕೆ ಹಾಕಿದ್ದೆ, ಗುಜರಿಗೆ ಹೋದದ್ದರಲ್ಲಿ ಅದೂ ಸೇರಿತ್ತು, ಇಷ್ಟು ದಿನ ಅವರು ಮೇಲಿನ ಮನೆಯವರ ಚಾರ್ಜರಿನಲ್ಲಿ ಕಾಲ ಹಾಕುತ್ತಿದ್ದರು, ಅವರು ಮನೆ ಖಾಲಿ ಮಾಡಿಕೊಂಡು ಹೋದರು ಎಂಬುದೆಲ್ಲ ಆಗ ಬಯಲಾಯಿತು.

“ನನ್ನ ಚಾರ್ಜರ್ ಎಲ್ಲಪ್ಪಾ?” ಎಂದು ತಮ್ಮ ಮಗನನ್ನು ಕೇಳಿದರು.

“ಅಮ್ಮಾ, ಈಗ ಪ್ರಪಂಚಕ್ಕೆಲ್ಲ ಒಂದೇ ಚಾರ್ಜರ್.”

“ಸಂತೋಷ. ಆ ಒಂದನ್ನೇ ಕೊಡು ಮತ್ತೆ.”

ನಮ್ಮನೆಯವರು ಅಂದಿನಿಂದ ಬೆಳಿಗ್ಗೆ ಬರೀ ಕ್ರಿಕೆಟ್ ಸುದ್ದಿ ಓದುತ್ತಿದ್ದಾರೆ.

ಅರಸು ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದೆವು. ಇಪ್ಪತ್ತರ ಹುಡುಗನೊಬ್ಬ ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, “ಆಂಟಿ, ಇದು ಕೊಡ್ತೀರಾ? ಇನ್‌ಸ್ಟಾಗ್ರಾಮಿಗೆ ಒಂದು ವಿಡಿಯೋ ಮಾಡ್ತೀನಿ” ಎಂದ. ಆನ್‌ಲೈನಿನಲ್ಲಿ ತರಿಸಿದ್ದು ದಪ್ಪ ಪಿನ್ನಾಗಿ ಬಂತು. ಕೊನೆಗೆ ಫುಟ್‌ಪಾತಿನಲ್ಲಿ ಅರವತ್ತು ರೂಪಾಯಿಗೆ ಒಂದು ಕ್ಲಿಪ್ ಚಾರ್ಜರ್ ಸಿಕ್ಕಿತು. ಬ್ಯಾಟರಿಯನ್ನು ಹೊರಗೆ ತೆಗೆದರೆ, ಬಟ್ಟೆ ಕ್ಲಿಪ್ಪಿನ ಹಾಗೆ ಕಚ್ಚಿಕೊಂಡು, ಕೆಂಪು ಹಸಿರು ದೀಪ ಮಿಣುಕಿಸುತ್ತ ಯಾವ ಕಂಪನಿಯ ಬ್ಯಾಟರಿಯನ್ನಾದರೂ ತುಂಬಿಸುತ್ತದೆ. ಎಲ್ಲಕ್ಕೂ ಒಂದೇ ಚಾರ್ಜರ್ ಎಂಬುದನ್ನು ನಮ್ಮ ಫುಟ್‌ಪಾತಿನವರು ಯಾವ ಮತದಾನವೂ ಇಲ್ಲದೆ ಎಂದೋ ಸಾಧಿಸಿದ್ದರು. ಬ್ಯಾಟರಿಯನ್ನು ತೆಗೆಯಲು ಬಾರದ ಫೋನು ಮಾಡಿ ಕಂಪನಿಗಳೇ ಅದನ್ನು ಹಾಳು ಮಾಡಿದವು. ಒಂದೇ ತೊಂದರೆ. ಬ್ಯಾಟರಿ ತೆಗೆದಾಗೆಲ್ಲ ಅತ್ತೆಯವರ ಫೋನು ತಾರೀಖು ಮರೆತು ಹಳೆಯ ಯಾವುದೋ ಜನವರಿ ಒಂದಕ್ಕೆ ಹೋಗುತ್ತದೆ, ಬೆಳಿಗ್ಗೆ ಐದಕ್ಕೆ ಇಟ್ಟ ಅಲಾರಂ ರಾತ್ರಿ ಹನ್ನೊಂದಕ್ಕೆ ಹೊಡೆಯುತ್ತದೆ, ಅವರು ಎದ್ದು ಸ್ನಾನ ಮುಗಿಸಿ ನನ್ನನ್ನು ಕಾಫಿಗೆ ಎಬ್ಬಿಸುತ್ತಾರೆ.

ಆದ್ದರಿಂದ ಓದುಗರಲ್ಲಿ ವಿನಂತಿ. ನಿಮ್ಮ ಮನೆಯ ಡಬ್ಬದ ತಳದಲ್ಲಿ ನೋಕಿಯಾ ಸಣ್ಣ ಪಿನ್ನಿನ ಚಾರ್ಜರ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ನಮಗೆ ಕೊಡಿ. ಬದಲಿಗೆ ಏಳು ಸಿ-ಟೈಪ್ ವೈರು ಕೊಡುತ್ತೇವೆ, ಪ್ಲಾಸ್ಟರ್ ಸುತ್ತಿ ಹೆಸರು ಬರೆದದ್ದು.